ಬೇಕರಿ ಮುಂದೆ ಓಡಿದ ಇಲಿ

ಹೋದ ಸೆಮಿಸ್ಟರ್ ಎಕ್ಸಾಮ್ ಮುಗಿದಾಗ ನಾವು ಮೂರು ಜನ ಊರಿಗೆ ಹೋಗದೆ ಹಾಸ್ಟೆಲ್‌ನಲ್ಲೇ ಉಳಿದಿದ್ವಿ. ರಾಜ್ಯೋತ್ಸವಕ್ಕೆ ಕನ್ನಡ ಸಂಘದಿಂದ ಒಂದು ಚಿಕ್ಕ ಕಂಪ್ಯೂಟರ್ ಗೇಮ್ ಮಾಡ್ತೀವಿ, ಪೂರ್ತಿ ಕನ್ನಡದಲ್ಲೇ ಇರುತ್ತೆ ಅಂತ ಮೀಟಿಂಗ್‌ನಲ್ಲಿ ಕೈ ಎತ್ತಿಬಿಟ್ಟಿದ್ವಿ. ಪಾಯಿಂಟ್ ಆ್ಯಂಡ್ ಕ್ಲಿಕ್ ಥರದ್ದು ಸುಲಭ, ಬರೀ ಚಿತ್ರ ಮತ್ತು ಮಾತು ಇದ್ರೆ ಸಾಕು ಅಂತ ನಮ್ಮ ಲೆಕ್ಕ. ಕೈ ಎತ್ತಿದ ಮೇಲೆ ಗೊತ್ತಾಯ್ತು, ನಮ್ಮಲ್ಲಿ ಯಾರೂ ಆ ಥರದ ಗೇಮ್ ಒಂದನ್ನೂ ಕೊನೆವರೆಗೆ ಆಡಿಲ್ಲ ಅಂತ. “ಮೊದಲು ಹಳೇದು ಒಂದು ಆಡಿ ನೋಡ್ರೋ” ಅಂದ್ರು ಸೀನಿಯರ್ ಒಬ್ಬರು. ಹಾಗೆ ನಾವು ಶುರು ಮಾಡಿದ್ದು ‘ಕಿಂಗ್ಸ್ ಕ್ವೆಸ್ಟ್ 5’.

ಇದು 1990ರ ಗೇಮ್. ನಾವು ಹುಟ್ಟೋದಕ್ಕೆ ಹದಿನೈದು ವರ್ಷಕ್ಕೂ ಮುಂಚಿನದು. ಮಾಡಿದ್ದು ಅಮೆರಿಕದ ಸಿಯೆರಾ ಆನ್‌ಲೈನ್ ಕಂಪನಿ, ಡಿಸೈನ್ ಮಾಡಿದವರು ಆ ಕಂಪನಿಯನ್ನ ಗಂಡನ ಜೊತೆ ಕಟ್ಟಿದ ರಾಬರ್ಟಾ ವಿಲಿಯಮ್ಸ್. ಕಥೆ ಸರಳ. ಡ್ಯಾವೆಂಟ್ರಿ ಅನ್ನೋ ರಾಜ್ಯದ ರಾಜ ಗ್ರಹಾಂ ಕಾಡಿನಲ್ಲಿ ಸುತ್ತಾಡೋಕೆ ಹೋಗಿದ್ದಾಗ ಮೊರ್ಡ್ಯಾಕ್ ಅನ್ನೋ ಮಾಂತ್ರಿಕ ಬಂದು ಅರಮನೆಯನ್ನೇ, ಒಳಗಿದ್ದ ಹೆಂಡತಿ ಮಕ್ಕಳ ಸಮೇತ, ಮಂತ್ರ ಹಾಕಿ ಮಾಯ ಮಾಡಿಬಿಡ್ತಾನೆ. ಗ್ರಹಾಂ ಸೆರೇನಿಯಾ ಅನ್ನೋ ದೇಶಕ್ಕೆ ಹೋಗಿ, ಮರಳುಗಾಡು, ಕಾಡು, ಹಿಮದ ಬೆಟ್ಟ, ಸಮುದ್ರ ಎಲ್ಲ ದಾಟಿ ಮೊರ್ಡ್ಯಾಕ್‌ನ ಕೋಟೆ ಸೇರಬೇಕು. ಜೊತೆಗೆ ಸೆಡ್ರಿಕ್ ಅಂತ ಒಂದು ಮಾತಾಡೋ ಗೂಬೆ. ಅದು ಎಲ್ಲಾ ಕಡೆ ಬರುತ್ತೆ, ಎಲ್ಲೂ ಒಳಗೆ ಬರಲ್ಲ, ಹೊರಗೇ ಕೂತು ಹುಷಾರು ಹುಷಾರು ಅನ್ನುತ್ತೆ. ನಮ್ಮ ಲ್ಯಾಬ್ ಬ್ಯಾಚ್‌ನಲ್ಲೂ ಅಂಥವರು ಇದ್ದಾರೆ, ಬಿಡಿ.

ನೋಡೋಕೆ ಗೇಮ್ ನಿಜವಾಗಲೂ ಚೆನ್ನಾಗಿದೆ. ಆ ಸರಣಿಯಲ್ಲಿ 256 ಬಣ್ಣ ಬಳಸಿದ ಮೊದಲನೇದು ಇದು. ಹಿನ್ನೆಲೆ ಚಿತ್ರಗಳನ್ನ ಕೈಯಲ್ಲಿ ಬಣ್ಣ ಹಾಕಿ ಬರೆದು, ಸ್ಕ್ಯಾನ್ ಮಾಡಿ ಒಳಗೆ ಇಟ್ಟಿದ್ದಾರೆ. ಸ್ಕ್ರೀನ್ ಬರೀ 320 ಗುಣಿಸು 200 ಪಿಕ್ಸೆಲ್. ನಮ್ಮ ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿದರೆ ಚೌಕ ಚೌಕ ಕಾಣುತ್ತೆ, ಆದರೂ ಬೆಟ್ಟದ ಸಂಜೆ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ವಿ. ಮೊದಲ ದಿನ ರಾತ್ರಿ ಮೂವರೂ ಖುಷಿಯಾಗಿದ್ವಿ.

ಎರಡನೇ ದಿನ ಮಧ್ಯಾಹ್ನ ಏನಾಯ್ತು ಅಂದ್ರೆ, ಗ್ರಹಾಂ ಒಂದು ಹೋಟೆಲ್ ಒಳಗೆ ಹೋಗ್ತಾನೆ. ಪ್ರಯಾಣಿಕರು ತಂಗೋ ಥರದ್ದು. ಅಲ್ಲಿದ್ದ ಮೂರು ರೌಡಿಗಳು ತಲೆಗೆ ಹೊಡೆದು, ಕೈಕಾಲು ಕಟ್ಟಿ, ನೆಲಮಾಳಿಗೆಯಲ್ಲಿ ಬಿಸಾಕ್ತಾರೆ. ಸರಿ, ಇದೊಂದು ಪಝಲ್ ಅಂದುಕೊಂಡು ಕ್ಲಿಕ್ ಮಾಡೋಕೆ ಶುರು ಮಾಡಿದ್ವಿ. ಕೈ ಕಟ್ಟಿದ್ದಾರೆ, ಏನೂ ಆಗಲ್ಲ. ಸ್ವಲ್ಪ ಹೊತ್ತಿಗೆ ಗೇಮ್ ಓವರ್. ಮತ್ತೆ ಲೋಡ್ ಮಾಡಿ ಒಳಗೆ ಹೋದ್ವಿ. ಮತ್ತೆ ಗೇಮ್ ಓವರ್. ಒಬ್ಬ ಹೇಳಿದ, ಬೇಗ ಕ್ಲಿಕ್ ಮಾಡಬೇಕೇನೋ. ಇನ್ನೊಬ್ಬ ಹೇಳಿದ, ಹೋಟೆಲ್ ಒಳಗೆ ಹೋಗಲೇಬಾರದೇನೋ. ಆದರೆ ಬೇರೆ ಎಲ್ಲಾ ಕಡೆ ಸುತ್ತಿ ಆಗಿತ್ತು. ಹೀಗೇ ಸಂಜೆ ಆಯ್ತು, ಮೆಸ್ ಟೈಮ್ ಆಯ್ತು, ರಾತ್ರಿ ಆಯ್ತು.

ಕೊನೆಗೆ ನಾಚಿಕೆ ಬಿಟ್ಟು ಉತ್ತರ ಹುಡುಕಿ ಓದಿದ್ವಿ. ಉತ್ತರ ಇದು: ಹಿಂದಿನ ದಿನ, ಊರಿನ ಬೇಕರಿ ಮುಂದೆ ಒಂದು ಬೆಕ್ಕು ಇಲಿಯನ್ನ ಅಟ್ಟಿಸಿಕೊಂಡು ಹೋಗಿತ್ತು. ಕೆಲವೇ ಸೆಕೆಂಡ್. ಆಗ ಬೆಕ್ಕಿನ ಮೇಲೆ ಒಂದು ಹಳೇ ಬೂಟು ಎಸೆಯಬೇಕಿತ್ತು. ಆ ಬೂಟು ಮರಳುಗಾಡಿನಲ್ಲಿ ಒಂದು ಅಸ್ಥಿಪಂಜರದ ಪಕ್ಕ ಬಿದ್ದಿರುತ್ತೆ. ಬೂಟು ಎಸೆದರೆ ಇಲಿ ಉಳಿಯುತ್ತೆ. ಉಳಿದ ಇಲಿ ನೆಲಮಾಳಿಗೆಗೆ ಬಂದು ಹಗ್ಗ ಕಡಿದು ಗ್ರಹಾಂನನ್ನ ಬಿಡಿಸುತ್ತೆ. ಎಸೆಯದಿದ್ದರೆ ಯಾರೂ ಬರಲ್ಲ, ಅಷ್ಟೇ.

ಆ ಬೆಕ್ಕು ಇಲಿಯನ್ನ ನಾವು ನೋಡಿದ್ವಿ! “ಅನಿಮೇಷನ್ ಸೂಪರ್ ಮಾಡಿದ್ದಾರೆ” ಅಂತ ಬೇರೆ ಹೇಳಿದ್ವಿ. ಸಿನಿಮಾದಲ್ಲಿ ಹಿನ್ನೆಲೆಯಲ್ಲಿ ಕೋಳಿ ಓಡಿದ ಹಾಗೆ ಅಂದುಕೊಂಡಿದ್ವಿ. ನಮ್ಮ ಸೇವ್ ಫೈಲ್ ಇದ್ದಿದ್ದು ಒಂದೇ, ಅದರ ಮೇಲೇ ಮತ್ತೆ ಮತ್ತೆ ಸೇವ್ ಮಾಡಿದ್ವಿ. ಅಂದರೆ ಹಿಂದಿನ ದಿನದಿಂದಲೇ ನಮ್ಮ ಗೇಮ್ ಮುಗಿದಿತ್ತು. ಮುಗಿದ ಗೇಮನ್ನ ಒಂದು ದಿನ ಪೂರ್ತಿ ಆಡಿದ್ವಿ.

ಇದೇ ಈ ಗೇಮಿನ ದೊಡ್ಡ ತಪ್ಪು, ಮತ್ತು ಇದನ್ನ ಕಷ್ಟ ಅನ್ನೋದರ ಜೊತೆ ಸೇರಿಸಬಾರದು ಅಂತ ನಮ್ಮ ವಾದ. ಕಷ್ಟ ಇದ್ದರೆ ಇರಲಿ. ಚೌಕಾಬಾರ ಆಡುವಾಗ ಎದುರಿನವರು ನಮ್ಮ ಕಾಯಿ ಕಡಿದರೆ ಕಣ್ಣಿಗೆ ಕಾಣುತ್ತೆ, ಸಿಟ್ಟು ಬರುತ್ತೆ, ಮತ್ತೆ ಕವಡೆ ಹಾಕ್ತೀವಿ. ಸೋತರೆ ಸೋತಿದ್ದೀವಿ ಅಂತ ಗೊತ್ತಾಗುತ್ತೆ. ಇಲ್ಲಿ ಹಾಗಲ್ಲ. ಸೋತ ಮೇಲೂ ಹಕ್ಕಿ ಕೂಗ್ತಾ ಇರುತ್ತೆ, ಸಂಗೀತ ಬರ್ತಾ ಇರುತ್ತೆ, ಸೆಡ್ರಿಕ್ ಹುಷಾರು ಅಂತಾನೇ ಇರುತ್ತೆ, ಹೊಸ ಹೊಸ ಜಾಗಗಳು ತೆರೀತಾ ಇರುತ್ತವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಡೆಡ್ ಎಂಡ್ ಅಂತಾರೆ. ಕನ್ನಡದಲ್ಲಿ ಏನನ್ನಬೇಕು ಅಂತ ನಾವು ತುಂಬ ಚರ್ಚೆ ಮಾಡಿದ್ವಿ, ಒಪ್ಪೋ ಪದ ಸಿಗಲಿಲ್ಲ, ಹಾಗಾಗಿ ಡೆಡ್ ಎಂಡ್ ಅಂತಲೇ ಬರೀತೀವಿ. ಆದರೆ ಹೆಸರೂ ಸರಿ ಇಲ್ಲ. ನಿಜವಾದ ಡೆಡ್ ಎಂಡ್ ರಸ್ತೆಯಲ್ಲಿ ಎದುರಿಗೆ ಗೋಡೆ ಕಾಣುತ್ತೆ, ಗಾಡಿ ತಿರುಗಿಸ್ತೀವಿ. ಇಲ್ಲಿ ಗೋಡೆ ನಮ್ಮ ಹಿಂದೆ ಇದೆ.

ಇಲಿ ಒಂದೇ ಆಗಿದ್ದರೆ ಬಿಡಬಹುದಿತ್ತು. ಉತ್ತರ ಓದುವಾಗ ಮುಂದೆ ಇನ್ನೇನೇನು ಕಾದಿದೆ ಅಂತಲೂ ಗೊತ್ತಾಯ್ತು. ಮರಳುಗಾಡಿನಲ್ಲಿ ಒಂದು ದೇವಸ್ಥಾನ ಇದೆ. ದರೋಡೆಕೋರರ ಡೇರೆಯಿಂದ ಕದ್ದ ಕೋಲಿನಿಂದ ಅದರ ಬಾಗಿಲು ತೆಗೆಯಬೇಕು, ಬಾಗಿಲು ತೆರೆದ ಮೇಲೆ ಕೋಲು ಮುರಿದುಹೋಗುತ್ತೆ. ಒಳಗೆ ಒಂದು ಹಿತ್ತಾಳೆ ಬಾಟಲಿ, ಒಂದು ಚಿನ್ನದ ನಾಣ್ಯ. ಬಾಗಿಲು ಬೇಗ ಮುಚ್ಚಿಕೊಳ್ಳುತ್ತೆ. ಗಾಬರಿಯಲ್ಲಿ ಬಾಟಲಿ ಮಾತ್ರ ಹಿಡಿದು ಹೊರಗೆ ಓಡಿ ಬಂದರೆ, ಅಬ್ಬಾ ಬದುಕಿದೆ ಅನಿಸುತ್ತೆ. ಬದುಕಿಲ್ಲ. ಆ ನಾಣ್ಯ ಕೊಟ್ಟರೆ ಮಾತ್ರ ಭವಿಷ್ಯ ಹೇಳುವ ಹೆಂಗಸು ತಾಯಿತ ಕೊಡ್ತಾಳೆ, ತಾಯಿತ ಇಲ್ಲದಿದ್ದರೆ ಕಾಡಿನ ಮಾಟಗಾತಿ ಬಿಡಲ್ಲ.

ಹಿಮದ ಬೆಟ್ಟದಲ್ಲಿ ಗ್ರಹಾಂಗೆ ಹಸಿವಾಗುತ್ತೆ. ಕೈಯಲ್ಲಿ ಮಾಂಸದ ತುಂಡು ಇದೆ, ಬೇಕರಿಯಲ್ಲಿ ಕೊಂಡ ಕಸ್ಟರ್ಡ್ ಪೈ ಕೂಡ ಇದೆ. ಪೈ ತಿಂದರೆ ಗೇಮ್ ಹೋಯ್ತು, ಯಾಕಂದ್ರೆ ಅದು ಮುಂದೆ ಬೇಕು. ಮಾಂಸವನ್ನೇ ತಿನ್ನಬೇಕು, ಅದೂ ಅರ್ಧ ಮಾತ್ರ. ಉಳಿದ ಅರ್ಧ ಹಸಿದ ಹದ್ದಿಗೆ ಕೊಡಬೇಕು. ಆ ಹದ್ದೇ ಮುಂದೆ, ದೈತ್ಯ ಪಕ್ಷಿಯೊಂದು ಗ್ರಹಾಂನನ್ನ ತನ್ನ ಗೂಡಿಗೆ ಹೊತ್ತುಕೊಂಡು ಹೋದಾಗ ಬಂದು ಕಾಪಾಡುತ್ತೆ. ಗೂಡಿನಲ್ಲಿ ಒಂದು ಚಿನ್ನದ ಲಾಕೆಟ್ ಮಿನುಗ್ತಾ ಇರುತ್ತೆ, ಹದ್ದು ಬರೋದರೊಳಗೆ ಅದನ್ನ ಎತ್ತಿಕೊಳ್ಳಬೇಕು. ಎತ್ತಿಕೊಳ್ಳದೆ ಹಾರಿಹೋದರೆ, ಇಡೀ ಸಮುದ್ರ ದಾಟಿ ಮೊರ್ಡ್ಯಾಕ್‌ನ ಕೋಟೆ ಒಳಗೆ ಹೋಗಿ ಬಂಧಿಯಾದ ಮೇಲೆ, ಬಿಡಿಸೋಕೆ ಬರಬೇಕಾದ ಕೆಸ್ಸಿಮಾ ಬರಲ್ಲ. ಅವಳಿಗೆ ಕೊಡಬೇಕಾಗಿದ್ದ ಲಾಕೆಟ್ ಅದು. ಗೂಡು ಎಲ್ಲಿ, ಕೋಟೆ ಎಲ್ಲಿ!

ಆಂಡ್ರ್ಯೂ ಪ್ಲಾಟ್ಕಿನ್ ಅಂತ ಒಬ್ಬರು ಇದ್ದಾರೆ, ಅಕ್ಷರದಲ್ಲೇ ಆಡುವ ಸಾಹಸ ಆಟಗಳನ್ನ ಬರೆದವರು. ಅವರು ಗೇಮ್‌ಗಳ ಕ್ರೌರ್ಯಕ್ಕೆ ಒಂದು ಅಳತೆ ಮಾಡಿದ್ದಾರೆ. ಒಟ್ಟು ಐದು ಮೆಟ್ಟಿಲು. ಎಲ್ಲಕ್ಕಿಂತ ಕೆಳಗಿನದು ದಯಾಳು ಗೇಮ್, ಅದರಲ್ಲಿ ನೀವು ಸಿಕ್ಕಿಹಾಕಿಕೊಳ್ಳೋಕೇ ಆಗಲ್ಲ. ಮಧ್ಯದಲ್ಲಿ ಇರೋವು ಬೇರೆ ಬೇರೆ ಹದದವು. ಸತ್ತರೆ ತಕ್ಷಣ ಗೊತ್ತಾಗೋದು, ವಾಪಸ್ ತೆಗೆದುಕೊಳ್ಳೋಕಾಗದ ಕೆಲಸ ಮಾಡೋ ಮೊದಲೇ ಸುಳಿವು ಕೊಡೋದು, ಮಾಡಿದ ಮೇಲಾದರೂ ತಿಳಿಯೋದು, ಹೀಗೆ. ಎಲ್ಲಕ್ಕಿಂತ ಮೇಲಿನದು ಕ್ರೂರ: ತಪ್ಪು ಮಾಡಿದ ಮೇಲೂ ಅದು ತಪ್ಪು ಅಂತ ತಿಳಿಯಲ್ಲ. ಗಮನಿಸಿ, ಈ ಅಳತೆಯಲ್ಲಿ ಪಝಲ್ ಎಷ್ಟು ಕಷ್ಟ ಅನ್ನೋದು ಎಲ್ಲೂ ಇಲ್ಲ. ಆಟಗಾರನಿಗೆ ಏನು ಗೊತ್ತಾಗುತ್ತೆ, ಯಾವಾಗ ಗೊತ್ತಾಗುತ್ತೆ ಅನ್ನೋದಷ್ಟೇ ಇದೆ. ಕಿಂಗ್ಸ್ ಕ್ವೆಸ್ಟ್ 5 ನಿಸ್ಸಂಶಯವಾಗಿ ಐದನೇ ಮೆಟ್ಟಿಲಲ್ಲಿ ಕೂರುತ್ತೆ.

ಆಗಿನ ಕಾಲದಲ್ಲಿ ಎಲ್ಲಾ ಹಾಗೇ ಇತ್ತು ಅಂತ ಕೆಲವರು ಹೇಳ್ತಾರೆ. ಪೂರ್ತಿ ನಿಜ ಅಲ್ಲ. ಇದು ಬಂದ ವರ್ಷವೇ, 1990ರಲ್ಲೇ, ಲ್ಯೂಕಸ್‌ಫಿಲ್ಮ್ ಕಂಪನಿಯ ‘ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಬಂತು. ಅದನ್ನ ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದಿದ್ದರು, ಅಡ್ವೆಂಚರ್ ಗೇಮ್‌ಗಳು ಯಾಕೆ ಕೆಟ್ಟದಾಗಿವೆ ಅಂತ. ಸತ್ತು ಸತ್ತು ಕಲಿಯೋ ಹಾಗೆ ಆಟಗಾರನನ್ನ ಇಡಬಾರದು, ಮರೆತು ಬಿಟ್ಟುಬಂದ ವಸ್ತುವಿಗಾಗಿ ವಾಪಸ್ ಹೋಗೋಕಾಗದ ಹಾಗೆ ಬಾಗಿಲು ಮುಚ್ಚಬಾರದು ಅನ್ನೋದೆಲ್ಲ ಅದರಲ್ಲಿದೆ. ಅಂದರೆ ರೋಗವೂ ಗೊತ್ತಿತ್ತು, ಔಷಧಿಯೂ ಗೊತ್ತಿತ್ತು. ಮಂಕಿ ಐಲ್ಯಾಂಡ್‌ನಲ್ಲಿ ಹೀರೋ ಸಾಯೋಕೆ ಒಂದು ಜಾಗ ಇದೆ, ನೀರೊಳಗೆ. ಅವನು ಹತ್ತು ನಿಮಿಷ ಉಸಿರು ಹಿಡಿಯಬಲ್ಲ, ಅದಕ್ಕಿಂತ ಜಾಸ್ತಿ ಹೊತ್ತು ನೀವು ಸುಮ್ಮನೆ ಕೂತರೆ ಮಾತ್ರ ಸಾಯ್ತಾನೆ. ಇನ್ನೊಂದು ಕಡೆ ಅವನು ಬೆಟ್ಟದ ತುದಿಯಿಂದ ಬೀಳ್ತಾನೆ, ಥೇಟ್ ಸಿಯೆರಾ ಗೇಮ್‌ಗಳ ಥರದ್ದೇ ಸಾವಿನ ಕಿಟಕಿ ತೆರೆಯುತ್ತೆ, ನೀವು ಎದೆ ಹಿಡ್ಕೋತೀರಿ, ಅಷ್ಟರಲ್ಲಿ ಅವನು ಕೆಳಗಿದ್ದ ರಬ್ಬರ್ ಮರಕ್ಕೆ ಬಡಿದು ಪುಟಿದು ವಾಪಸ್ ಬರ್ತಾನೆ. ಅದನ್ನ ನೋಡಿ ಹಾಸ್ಟೆಲ್ ಕಾರಿಡಾರ್ ಪೂರ್ತಿ ಕೇಳೋ ಹಾಗೆ ನಕ್ಕಿದ್ವಿ. ಕಿಂಗ್ಸ್ ಕ್ವೆಸ್ಟ್ ಆಡಿರದಿದ್ದರೆ ಆ ಜೋಕ್ ನಮಗೆ ಅರ್ಥ ಆಗ್ತಾನೇ ಇರಲಿಲ್ಲ.

ಹಾಗಾದರೆ ಸಿಯೆರಾದವರು ಯಾಕೆ ಹೀಗೆ ಮಾಡಿದ್ರು? ಸಿಯೆರಾ ಸುಳಿವು ಪುಸ್ತಕಗಳನ್ನ ಮಾರುತ್ತಿತ್ತು, ದುಡ್ಡು ಕೊಟ್ಟು ಫೋನ್ ಮಾಡಿ ಉತ್ತರ ಕೇಳೋ ಲೈನ್ ಕೂಡ ಇತ್ತು. ದುಡ್ಡಿಗಾಗಿಯೇ ಸಿಕ್ಕಿಸಿದ್ರು ಅಂತ ಹೇಳೋದು ಸುಲಭ. ನಮಗೆ ಅದಕ್ಕಿಂತ ಬೇರೆ ಒಂದು ಕಾರಣ ಸರಿ ಅನಿಸುತ್ತೆ, ಅದು ಸ್ವಲ್ಪ ಟೆಕ್ನಿಕಲ್.

ಈ ಸರಣಿಯ ಮೊದಲ ನಾಲ್ಕು ಗೇಮ್‌ಗಳಲ್ಲಿ ಮಾಡಬೇಕಾದ್ದನ್ನ ಕೀಬೋರ್ಡ್‌ನಲ್ಲಿ ಟೈಪ್ ಮಾಡಬೇಕಿತ್ತು. ಬಾಗಿಲು ತೆರೆ, ಕಲ್ಲು ಎಸೆ, ಹೀಗೆ ಇಂಗ್ಲಿಷ್‌ನಲ್ಲಿ. ಸರಿಯಾದ ಪದ ಹುಡುಕೋದೇ ಅರ್ಧ ಆಟ, ತಲೆನೋವು ಕೂಡ. ಐದನೆಯದರಲ್ಲಿ ಟೈಪಿಂಗ್ ತೆಗೆದುಹಾಕಿದ್ರು. ಮೇಲೆ ನಾಲ್ಕಾರು ಚಿತ್ರ ಬಂತು: ನಡೆಯೋಕೆ ಒಂದು, ನೋಡೋಕೆ ಕಣ್ಣು, ಮುಟ್ಟೋಕೆ ಕೈ, ಮಾತಾಡೋಕೆ ಒಂದು ತಲೆ. ಇದು ಒಳ್ಳೆ ಬದಲಾವಣೆ, ಇವತ್ತು ನಾವು ಫೋನ್ ಒತ್ತೋದೂ ಹೀಗೇ. ಆದರೆ ಟೈಪ್ ಮಾಡುವಾಗ ಆಟಗಾರ ತನ್ನ ಉದ್ದೇಶ ಹೇಳ್ತಿದ್ದ. ಬೂಟು ಎಸೆ ಅಂದರೆ ಎಸೆಯೋದು, ಕೊಡು ಅಂದರೆ ಕೊಡೋದು. ಕ್ಲಿಕ್‌ನಲ್ಲಿ ಉದ್ದೇಶ ಇಲ್ಲ. ಪೈ ತೆಗೆದುಕೊಂಡು ಗ್ರಹಾಂ ಮೇಲೆ ಕ್ಲಿಕ್ ಮಾಡಿದರೆ ತಿಂದುಬಿಡ್ತಾನೆ. ಅದೇ ಪೈಯನ್ನ ಹಿಮಮಾನವ ಯೇತಿ ಮೇಲೆ ಕ್ಲಿಕ್ ಮಾಡಿದರೆ ಮುಖಕ್ಕೆ ಎಸೀತಾನೆ. ಏನಾಗುತ್ತೆ ಅಂತ ನಿರ್ಧಾರ ಮಾಡೋದು ಗೇಮ್, ನಾವಲ್ಲ.

ಇನ್ನೊಂದು ಪರಿಣಾಮ ಏನು ಅಂದ್ರೆ, ಗೊತ್ತಾಗದಿದ್ದರೆ ಎಲ್ಲಾ ವಸ್ತುವನ್ನೂ ಎಲ್ಲಾ ಕಡೆ ಒತ್ತಿ ನೋಡಬಹುದು. ನಿಮ್ಮ ಹತ್ತಿರ 15 ವಸ್ತು ಇದ್ದು, ಕಣ್ಣೆದುರು 10 ಜಾಗ ಇದ್ದರೆ 150 ಕ್ಲಿಕ್. ಹತ್ತು ನಿಮಿಷದ ಕೆಲಸ. ಟೈಪಿಂಗ್‌ನಿಂದ ಬರ್ತಿದ್ದ ಕಷ್ಟ ಹೋದ ಮೇಲೆ ಆಟ ಬೇಗ ಮುಗಿದುಹೋಗೋ ಅಪಾಯ ಬಂತು. ಆ ಜಾಗ ತುಂಬೋಕೆ ಕೆಲವೇ ಸೆಕೆಂಡ್‌ನ ಇಲಿ, ಮುಚ್ಚೋ ಬಾಗಿಲು, ಮುರಿಯೋ ಕೋಲು ಬಂದವು ಅಂತ ನಮ್ಮ ಊಹೆ. ಡೆಡ್ ಎಂಡ್ ಹಳೇ ಟೈಪಿಂಗ್ ಗೇಮ್‌ಗಳಲ್ಲೂ ಇತ್ತು, ಅದನ್ನ ಒಪ್ತೀವಿ. ಆದರೆ ಇಲ್ಲಿ ಎಲ್ಲಾ ಒತ್ತಿ ನೋಡಿ ಅಂತ ಒಂದು ಕೈಯಿಂದ ಕರೆದು, ಒತ್ತಿದರೆ ಇನ್ನೊಂದು ಕೈಯಿಂದ ಹೊಡೆದ ಹಾಗಾಯ್ತು.

ಪೈ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀವಿ. ಯೇತಿ ಮುಖಕ್ಕೆ ಪೈ ಬಿದ್ದರೆ ಕಣ್ಣು ಕಾಣದೆ ಬೆಟ್ಟದಿಂದ ಕೆಳಗೆ ಬೀಳುತ್ತೆ. ಇದಕ್ಕೆ ಗೇಮ್‌ನಲ್ಲಿ ಸುಳಿವೇ ಇಲ್ಲ ಅಂತ ಎಲ್ಲರೂ ಬೈತಾರೆ. ನಾವು ಬೈಯಲ್ಲ. ಬರ್ತ್‌ಡೇ ದಿನ ಹಾಸ್ಟೆಲ್‌ನಲ್ಲಿ ಕೇಕ್ ಯಾರೂ ತಿನ್ನಲ್ಲ, ಮುಖಕ್ಕೆ ಮೆತ್ತೋಕೇ ತರೋದು. ಆ ಪಝಲ್ ಮಾತ್ರ ನಮಗೆ ನೋಡಿದ ಕೂಡಲೇ ಹೊಳೀತು. ಆದರೆ ಕೊನೆಯಲ್ಲಿ ಬರೋ ಚೀಸ್ ಇದೆಯಲ್ಲ, ಅದಕ್ಕೆ ಕ್ಷಮೆ ಇಲ್ಲ. ಮೊರ್ಡ್ಯಾಕ್‌ನ ಮಂತ್ರದಂಡದ ಶಕ್ತಿಯನ್ನ ಇನ್ನೊಂದು ದಂಡಕ್ಕೆ ಇಳಿಸೋ ಯಂತ್ರ ಒಂದಿದೆ. ಅದು ಓಡೋದು ಯಾವುದರಿಂದ? ಬಂದೀಖಾನೆಯ ಇಲಿ ಬಿಲದೊಳಗಿಂದ ಮೀನಿನ ಗಾಳ ಹಾಕಿ ತೆಗೆದ ಬೂಷ್ಟು ಹಿಡಿದ ಚೀಸ್‌ನಿಂದ. ಯಾಕೆ ಅಂತ ಯಾರೂ ಹೇಳಲ್ಲ. ಎಲೆಕ್ಟ್ರಿಕಲ್ ಬ್ರ್ಯಾಂಚ್‌ನ ನಮ್ಮ ಗೆಳೆಯ ಇದನ್ನ ಕೇಳಿ ಎದ್ದು ಹೊರಗೆ ಹೋದ.

ಚೀಸ್ ಹಾಸ್ಯಾಸ್ಪದ, ಆದರೆ ಅಪಾಯ ಇಲ್ಲ. ನಗ್ತೀವಿ, ಉತ್ತರ ನೋಡ್ತೀವಿ, ಮುಂದೆ ಹೋಗ್ತೀವಿ. ಇಲಿ ಹಾಗಲ್ಲ. ಈ ವ್ಯತ್ಯಾಸ ನಮಗೆ ಪೂರ್ತಿ ಅರ್ಥ ಆಗಿದ್ದು ಕಿಂಗ್ಸ್ ಕ್ವೆಸ್ಟ್‌ನಿಂದ ಅಲ್ಲ, ನಮ್ಮದೇ ಗೇಮ್‌ನಿಂದ.

ನಮ್ಮ ಗೇಮ್ ಅಂದರೆ, ಒಂದು ಹಳ್ಳಿ, ಅಜ್ಜಿ ಮನೆ, ಕರೆಂಟ್ ಹೋದ ರಾತ್ರಿ. ಮೊಮ್ಮಗ ತಾತನ ಹಳೇ ಟ್ರಂಕಿನ ಬೀಗದ ಕೈ ಹುಡುಕಬೇಕು. ಎಂಟು ಸ್ಕ್ರೀನ್. ನಾಲ್ಕು ವಾರದಲ್ಲಿ ಮಾಡಿ ಮುಗಿಸಿ, ಫಸ್ಟ್ ಇಯರ್‌ನವರನ್ನ ಕರೆದು ಕ್ಲಬ್ ರೂಮಿನಲ್ಲಿ ಆಡೋಕೆ ಕೂರಿಸಿದ್ವಿ. ಒಬ್ಬ ಹುಡುಗಿ ಚೆನ್ನಾಗಿ ಆಡ್ತಾ ಇದ್ದಳು. ಕೊಟ್ಟಿಗೆ ಹತ್ತಿರ ಒಂದು ನಾಯಿ ಬೊಗಳುತ್ತೆ, ಅದಕ್ಕೆ ಅಡುಗೆಮನೆಯ ತಂಗಳು ರೊಟ್ಟಿ ಹಾಕಬೇಕು ಅಂತ ನಮ್ಮ ಪ್ಲಾನ್. ಅವಳು ಒಬ್ಬಟ್ಟು ಹಾಕಿದಳು. ನಾಯಿ ಬಾಲ ಅಲ್ಲಾಡಿಸಿ ದಾರಿ ಬಿಡ್ತು, ಅದಕ್ಕೆ ಒಳ್ಳೆ ಅನಿಮೇಷನ್ ಕೂಡ ಮಾಡಿದ್ವಿ. ಕೊಟ್ಟಿಗೆಯಿಂದ ಹಗ್ಗ ಸಿಕ್ತು, ಬಾವಿ ಆಯ್ತು, ಅಟ್ಟ ಆಯ್ತು. ಕೊನೆಗೆ ಪಕ್ಕದ ಮನೆ ಹುಡುಗ, ಬೀಗದ ಕೈ ಎಲ್ಲಿದೆ ಅಂತ ನನಗೆ ಗೊತ್ತು, ಆದರೆ ಒಬ್ಬಟ್ಟು ಕೊಟ್ಟರೆ ಮಾತ್ರ ಹೇಳ್ತೀನಿ ಅಂತಾನೆ. ಇಡೀ ಗೇಮ್‌ನಲ್ಲಿ ಇದ್ದಿದ್ದು ಒಂದೇ ಒಬ್ಬಟ್ಟು.

ಅವಳು ಮುಕ್ಕಾಲು ಗಂಟೆ ಹುಡುಕಿದಳು. ಎಲ್ಲಾ ಎಂಟು ಸ್ಕ್ರೀನ್, ಪ್ರತಿ ಡಬ್ಬ, ಪ್ರತಿ ಗೂಡು. ನಾವು ಹಿಂದೆ ನಿಂತು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸ್ತಾ ಇದ್ವಿ, ನಮ್ಮ ಪಝಲ್ ಎಷ್ಟು ಟಫ್ ಆಗಿದೆ ನೋಡು ಅಂತ. ನಾಯಿಗೆ ಒಬ್ಬಟ್ಟು ಹಾಕಿದ್ದನ್ನ ಮೂವರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಕೊನೆಗೆ ಅವಳು “ಸಾರಿ ಅಣ್ಣ, ನನಗೆ ಗೇಮ್ಸ್ ಎಲ್ಲ ಅಷ್ಟು ಬರಲ್ಲ” ಅಂತ ಹೇಳಿ, ಬ್ಯಾಗ್ ತಗೊಂಡು ಹೋದಳು.

ರಾತ್ರಿ ಕ್ಲಿಕ್‌ಗಳ ರೆಕಾರ್ಡ್ ನೋಡುವಾಗ ಗೊತ್ತಾಯ್ತು. ಆವತ್ತು ನಮಗೆ ಮಾತೇ ಬರಲಿಲ್ಲ. ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಾಗ ನಾವು ರಾಬರ್ಟಾ ವಿಲಿಯಮ್ಸ್ ಅವರನ್ನ ಎಷ್ಟು ಬೈದಿದ್ವಿ! ಅವರೇನೂ ಬೇಕಂತ ಎಲ್ಲವನ್ನೂ ಹಾಗೆ ಇಟ್ಟಿರಲಿಕ್ಕಿಲ್ಲ ಅಂತ ಈಗ ಅನಿಸುತ್ತೆ. ಮಾಡೋರ ತಲೆಯಲ್ಲಿ ಒಂದೇ ದಾರಿ ಇರುತ್ತೆ, ಸರಿ ದಾರಿ. ಆ ದಾರಿಯಲ್ಲಿ ನಡೆದು ನೋಡಿದರೆ ಎಲ್ಲಾ ಸರಿಯಾಗೇ ಇರುತ್ತೆ.

ಇದನ್ನ ಹಿಡಿಯೋಕೆ ಒಂದು ದಾರಿ ಇದೆ, ಅದೂ ನಮ್ಮ ಸಿಲಬಸ್‌ನಲ್ಲೇ ಇರೋದು. ಗೇಮ್‌ನ ಪ್ರತಿ ಸ್ಥಿತಿಯನ್ನ ಒಂದು ಗ್ರಾಫ್‌ನ ನೋಡ್ ಅಂದುಕೊಳ್ಳಿ. ಒಬ್ಬಟ್ಟು ಇದೆಯೋ ಇಲ್ಲವೋ, ನಾಯಿ ಬಿಟ್ಟಿದೆಯೋ ಇಲ್ಲವೋ, ಹೀಗೆ ನಮ್ಮ ಗೇಮ್‌ನಲ್ಲಿ ಹೌದು ಅಥವಾ ಇಲ್ಲ ಅನ್ನೋ ಥರದ 12 ವಿಷಯ ಇದ್ದವು. ಅಂದರೆ ಹೆಚ್ಚೆಂದರೆ 4096 ಸ್ಥಿತಿ. ಆಟಗಾರ ಮಾಡೋ ಪ್ರತಿ ಕೆಲಸ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗೋ ಬಾಣ. ಮೊದಲು ಆಟ ಶುರುವಾಗೋ ನೋಡ್‌ನಿಂದ ಬಿಎಫ್‌ಎಸ್ ಹಾಕಿ, ಎಲ್ಲೆಲ್ಲಿಗೆ ಹೋಗಬಹುದೋ ಅಷ್ಟಕ್ಕೂ ಗುರುತು ಹಾಕಿ. ಆಮೇಲೆ ಎಲ್ಲಾ ಬಾಣಗಳನ್ನ ಉಲ್ಟಾ ತಿರುಗಿಸಿ, ಗೆದ್ದ ಸ್ಥಿತಿಗಳಿಂದ ಇನ್ನೊಂದು ಸಲ ಬಿಎಫ್‌ಎಸ್ ಹಾಕಿ. ಮೊದಲನೇ ಗುರುತು ಇದ್ದು ಎರಡನೇದು ಇಲ್ಲದ ನೋಡ್‌ಗಳೇ ಡೆಡ್ ಎಂಡ್. ಅಲ್ಲಿಗೆ ಆಟಗಾರ ಹೋಗಬಲ್ಲ, ಅಲ್ಲಿಂದ ಗೆಲ್ಲಲಾರ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಇದು ಯಾವ ಕೆಲಸಕ್ಕೆ ಬರುತ್ತೆ ಅಂತ ಹಿಂದಿನ ಬೆಂಚಿನಲ್ಲಿ ಕೇಳಿಕೊಂಡಿದ್ದವರು ನಾವೇ. ಪೈಥಾನ್‌ನಲ್ಲಿ ಬರೆದರೆ ಒಂದು ಪುಟ ಕೂಡ ಆಗಲಿಲ್ಲ, ರನ್ ಮಾಡಿದರೆ ಕಣ್ಣು ಮಿಟುಕಿಸೋದರಲ್ಲಿ ಮುಗೀತು.

ಕಿಂಗ್ಸ್ ಕ್ವೆಸ್ಟ್‌ಗೆ ಇದನ್ನ ಆಗಲೇ ಮಾಡಬಹುದಿತ್ತಲ್ಲ ಅಂತ ಕೇಳಬೇಡಿ. ಅಂಥ ಗೇಮ್‌ನಲ್ಲಿ ಹೌದು ಇಲ್ಲ ಅನ್ನೋ ವಿಷಯ 30 ಇದೆ ಅಂದುಕೊಂಡರೂ ಸ್ಥಿತಿಗಳು 107 ಕೋಟಿ ದಾಟುತ್ತವೆ. 1990ರ ಪಿಸಿಯಲ್ಲಿ ಅದನ್ನ ಇಡೋಕೂ ಜಾಗ ಇಲ್ಲ. ಆದರೆ ಕಂಪ್ಯೂಟರ್ ಬೇಡ, ಕಾಗದದ ಮೇಲೆ ಒಂದು ಕೆಲಸ ಮಾಡಬಹುದಿತ್ತು. ವಾಪಸ್ ಬರದ ಹಾಗೆ ಖರ್ಚಾಗೋ ವಸ್ತು ಯಾವುದು, ವಾಪಸ್ ತೆರೆಯದ ಬಾಗಿಲು ಯಾವುದು ಅಂತ ಪಟ್ಟಿ ಮಾಡೋದು. ಗೋಜಲು ಪೂರ್ತಿ ಅಲ್ಲೇ ಇರೋದು. ಅದೇ ಸಿಯೆರಾ ಕಂಪನಿಯೇ 1994ರ ‘ಕಿಂಗ್ಸ್ ಕ್ವೆಸ್ಟ್ 7’ರಲ್ಲಿ, ಸತ್ತರೆ ಸಾಯೋಕೆ ಸ್ವಲ್ಪ ಮುಂಚಿನ ಜಾಗದಿಂದಲೇ ಮತ್ತೆ ಶುರುವಾಗೋ ಹಾಗೆ ಮಾಡಿತು.

ನಮ್ಮ ಸ್ಕ್ರಿಪ್ಟ್ ಒಬ್ಬಟ್ಟಿನ ಜೊತೆ ಇನ್ನೂ ಎರಡು ಹಿಡೀತು. ಒಂದು, ಬೆಂಕಿಪೊಟ್ಟಣದಲ್ಲಿ ಮೂರೇ ಕಡ್ಡಿ ಇಟ್ಟಿದ್ವಿ. ಗಾಳಿಗೆ ಮೂರೂ ಆರಿಹೋದರೆ ಬುಡ್ಡಿ ಹಚ್ಚೋಕಾಗಲ್ಲ, ಬುಡ್ಡಿ ಇಲ್ಲದೆ ಅಟ್ಟ ಹತ್ತೋಕಾಗಲ್ಲ. ಕಡ್ಡಿ ಎಣಿಸೋದನ್ನೇ ತೆಗೆದುಹಾಕಿದ್ವಿ. ಇನ್ನೊಂದು ಬಾವಿ. ಹಗ್ಗಕ್ಕೆ ಗಂಟು ಸರಿಯಾಗಿ ಹಾಕದೆ ಬಿಂದಿಗೆ ಇಳಿಸಿದರೆ ಬಿಂದಿಗೆ ಬಾವಿ ಪಾಲು. ಇದನ್ನ ತೆಗೆಯೋಕೆ ಮನಸ್ಸಾಗಲಿಲ್ಲ, ಬುಳುಂಕ್ ಅನ್ನೋ ಶಬ್ದ ಅಷ್ಟು ಚೆನ್ನಾಗಿ ಬಂದಿತ್ತು. ನಮ್ಮಲ್ಲೊಬ್ಬನ ಅಮ್ಮನಿಗೆ ಫೋನ್‌ನಲ್ಲಿ ಹೇಳಿದಾಗ ಅವರು ನಕ್ಕು, “ಪಾತಾಳಗರಡಿ ಇಲ್ವೇನೋ ನಿಮ್ಮ ಗೇಮ್‌ನಲ್ಲಿ?” ಅಂದ್ರು. ಆ ಪದ ನಾವು ಮೂವರೂ ಕೇಳೇ ಇರಲಿಲ್ಲ. ಬಾವಿಗೆ ಬಿದ್ದ ಬಿಂದಿಗೆ ತೆಗೆಯೋಕೆ ಕಬ್ಬಿಣದ ಕೊಕ್ಕೆಗಳ ಒಂದು ಗೊಂಚಲು ಅಂತೆ, ಅವರ ಊರಲ್ಲಿ ಒಬ್ಬರ ಮನೆಯಲ್ಲಿ ಇದ್ದರೆ ಸುತ್ತಮುತ್ತ ಎಲ್ಲರೂ ಅವರ ಮನೆಗೇ ಹೋಗಿ ಕೇಳಿ ತರ್ತಿದ್ರಂತೆ. ಈಗ ನಮ್ಮ ಗೇಮ್‌ನಲ್ಲಿ ಬಿಂದಿಗೆ ಬಿದ್ದರೆ ಪಕ್ಕದ ಮನೆಗೆ ಹೋಗಿ ಪಾತಾಳಗರಡಿ ಕೇಳಬಹುದು. ಇಡೀ ಗೇಮ್‌ನಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದ ಸೀನ್ ಅದೇ.

ಒಬ್ಬಟ್ಟಿಗೆ ಏನು ಮಾಡೋದು ಅಂತ ಎರಡು ದಿನ ಜಗಳ ಆಡಿದ್ವಿ. ನಾಯಿ ಒಬ್ಬಟ್ಟು ಮುಟ್ಟಲ್ಲ ಅಂತ ಮಾಡಿಬಿಡೋಣ ಅಂದ ಒಬ್ಬ. ಒಬ್ಬಟ್ಟು ಮುಟ್ಟದ ನಾಯಿ ಯಾವ ಊರಲ್ಲಿದೆ ಅಂತ ಇನ್ನೊಬ್ಬ. ಕೊನೆಗೆ ಅಜ್ಜಿಗೆ ಎರಡು ಸಾಲು ಡೈಲಾಗ್ ಸೇರಿಸಿದ್ವಿ. ನಾಯಿಗೆ ಹಾಕಿ ಅಡುಗೆಮನೆಗೆ ವಾಪಸ್ ಬಂದರೆ ಅಜ್ಜಿ, “ಅಯ್ಯೋ, ಆ ನಾಯಿಗೆ ಹಾಕಿಬಿಟ್ಯಾ? ತುಪ್ಪ ಹಾಕಿ ಮಾಡಿದ್ದು ಕಣೋ ಅದು” ಅಂತ ಬೈದು, ಡಬ್ಬದಿಂದ ಇನ್ನೊಂದು ತೆಗೆದು ಕೊಡ್ತಾಳೆ. ಎಷ್ಟು ಸಲ ಹಾಕಿದರೂ ಬೈತಾಳೆ, ಎಷ್ಟು ಸಲ ಹಾಕಿದರೂ ಕೊಡ್ತಾಳೆ.

ಆ ಫಸ್ಟ್ ಇಯರ್ ಹುಡುಗಿಯನ್ನ ಕ್ಯಾಂಟೀನ್‌ನಲ್ಲಿ ಹುಡುಕಿ, ತಪ್ಪು ನಿನ್ನದಲ್ಲ, ನಮ್ಮದು, ಇನ್ನೊಂದು ಸಲ ಆಡ್ತೀಯಾ ಅಂತ ಕೇಳಿದ್ವಿ. ಬಂದಳು. ಕೂತ ಕೂಡಲೇ ಮಾಡಿದ ಮೊದಲ ಕೆಲಸ, ಒಬ್ಬಟ್ಟು ಎತ್ತಿಕೊಂಡು ನೇರ ಕೊಟ್ಟಿಗೆ ಹತ್ತಿರ ಹೋಗಿ ನಾಯಿಗೆ ಹಾಕಿದ್ದು. ನಾಲ್ಕು ಸಲ ಹಾಕಿದಳು.